ಕಣ್ಣಾರೆ ಕಂಡವರಿಲ್ಲದ ಕೊಲೆ: ಸಾಂದರ್ಭಿಕ ಸಾಕ್ಷ್ಯದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಸೆಷನ್ಸ್ ನ್ಯಾಯಾಲಯದಲ್ಲಿ ವಕೀಲಿಕೆ ಮಾಡುವವನನ್ನು ಕೊಲೆ ಮೊಕದ್ದಮೆಯ ಬಗ್ಗೆ ಪ್ರಶ್ನೆ ಕೇಳದೆ ಬಿಡುವವರು ಕಡಿಮೆ. ಮದುವೆ ಮನೆಯ ಪಂಕ್ತಿಯಲ್ಲಿ ಎಲೆಯ ಮುಂದೆ ಕುಳಿತಾಗಲೂ ಪಕ್ಕದವರು ಪತ್ರಿಕೆಯಲ್ಲಿ ಓದಿದ ಯಾವುದೋ ತೀರ್ಪನ್ನು ಎತ್ತುತ್ತಾರೆ. ಅರ್ಧ ಜನರಿಗೆ ‘ಸಾಕ್ಷಿಯೇ ಇಲ್ಲದೆ ಶಿಕ್ಷೆ ಕೊಟ್ಟರಲ್ಲ’ ಎಂಬ ಸಿಟ್ಟು, ಉಳಿದರ್ಧ ಜನರಿಗೆ ‘ಇಷ್ಟೆಲ್ಲ ಸಾಕ್ಷ್ಯವಿದ್ದೂ ಬಿಟ್ಟುಬಿಟ್ಟರಲ್ಲ’ ಎಂಬ ಸಿಟ್ಟು. ಎರಡೂ ಕಡೆಯವರು ಸಾಮಾನ್ಯವಾಗಿ ಕೇಳುವುದನ್ನು ಇಲ್ಲಿ ಒಟ್ಟುಗೂಡಿಸಿದ್ದೇನೆ.

ಕೊಲೆಯನ್ನು ಯಾರೂ ನೋಡಿಲ್ಲ. ಹಾಗಿದ್ದ ಮೇಲೆ ಶಿಕ್ಷೆ ಹೇಗೆ ಸಾಧ್ಯ?

ಸಾಧ್ಯ. ಕೊಲೆಯನ್ನು ಕಂಡವರು ಇರಲೇಬೇಕು ಎಂದು ಕಾನೂನು ಎಲ್ಲಿಯೂ ಹೇಳುವುದಿಲ್ಲ. ಇಂತಿಷ್ಟು ಸಾಕ್ಷಿಗಳು ಬೇಕೆಂಬ ಲೆಕ್ಕವೂ ಇಲ್ಲ. ನೋಡುವವರು ಇಲ್ಲದ ಹೊತ್ತು ಹುಡುಕಿ ಕೊಲ್ಲುವವನಿಗೆ ಆ ಎಚ್ಚರಿಕೆಗೇ ಬಿಡುಗಡೆಯ ಬಹುಮಾನ ಸಿಗುವಂತಾದರೆ ದಂಡಸಂಹಿತೆಯನ್ನು ಮಡಚಿಡಬೇಕಾಗುತ್ತದೆ. ಆದ್ದರಿಂದ ಸುತ್ತಮುತ್ತಲಿನ ಸಂಗತಿಗಳಿಂದ ನಡುವಿನ ಸಂಗತಿಯನ್ನು ತಿಳಿಯಲು ನ್ಯಾಯಾಲಯಕ್ಕೆ ಅವಕಾಶವಿದೆ. ಆದರೆ ಆ ಅವಕಾಶಕ್ಕೆ ಬಿಗಿಯಾದ ಕಟ್ಟುಪಾಡುಗಳಿವೆ.

ಸಾಂದರ್ಭಿಕ ಸಾಕ್ಷ್ಯ ಎಂದರೆ ನಿಖರವಾಗಿ ಏನು?

ಒಂದು ಬಸ್ ಟಿಕೆಟ್ ತೆಗೆದುಕೊಳ್ಳಿ. ಆರೋಪಿಯ ಅಂಗಿಯ ಜೇಬಿನಲ್ಲಿ, ಕೊಲೆ ನಡೆದ ದಿನ ಕೊಲೆ ನಡೆದ ಊರಿಗೆ ಹೋದ ಬಸ್ಸಿನ ಟಿಕೆಟ್ ಸಿಕ್ಕಿತು ಎನ್ನೋಣ. ನಿರ್ವಾಹಕ ಬಂದು ‘ಈತನೇ ನನ್ನ ಬಸ್ಸಿನಲ್ಲಿ ಕುಳಿತಿದ್ದ’ ಎಂದರೆ ಆತ ಪ್ರಯಾಣ ಮಾಡಿದ್ದಕ್ಕೆ ಅದು ನೇರ ಸಾಕ್ಷ್ಯ. ನಿರ್ವಾಹಕನಿಗೆ ಮುಖ ನೆನಪಿಲ್ಲ, ಬರೀ ಟಿಕೆಟ್ ಇದೆ ಎಂದರೆ ಅದು ಸಾಂದರ್ಭಿಕ. ಟಿಕೆಟ್ ಇದ್ದದ್ದು ನಿಜ; ಅದರಿಂದ ಆತ ಪ್ರಯಾಣ ಮಾಡಿದ ಎಂಬುದು ನಾವು ಮಾಡುವ ಊಹೆ; ಪ್ರಯಾಣ ಮಾಡಿದವನು ಕೊಲೆಯನ್ನೂ ಮಾಡಿದ ಎಂಬುದು ಊಹೆಯ ಮೇಲಿನ ಊಹೆ. ಟಿಕೆಟಿನಿಂದ ಕೊಲೆಯವರೆಗೆ ಎಷ್ಟು ಹೆಜ್ಜೆಗಳಿವೆ, ಪ್ರತಿ ಹೆಜ್ಜೆಯಲ್ಲಿ ಪಕ್ಕಕ್ಕೆ ತಿರುಗುವ ದಾರಿ ಇದೆಯೇ ಎಂದು ನೋಡುವುದೇ ಇಂಥ ಮೊಕದ್ದಮೆಯ ವಿಚಾರಣೆ.

ಬೆರಳಚ್ಚು, ರಕ್ತದ ಕಲೆ, ಡಿಎನ್‌ಎ ವರದಿ ಕೂಡ ಸಾಂದರ್ಭಿಕ ಸಾಕ್ಷ್ಯವೇ. ಇದು ಅನೇಕರಿಗೆ ಆಶ್ಚರ್ಯ ತರುತ್ತದೆ. ಪ್ರಯೋಗಾಲಯದ ಮೊಹರು ಬಿದ್ದ ತಕ್ಷಣ ಅದು ನೇರ ಸಾಕ್ಷ್ಯವಾಗುವುದಿಲ್ಲ. ಚಾಕುವಿನ ಮೇಲಿರುವುದು ಸತ್ತವನ ರಕ್ತ ಎಂದು ವರದಿ ಹೇಳೀತು. ಚಾಕು ಹಿಡಿದದ್ದು ಯಾರು ಎಂದು ಹೇಳದು.

ಕಣ್ಣಾರೆ ಕಂಡ ಸಾಕ್ಷಿಗಿಂತ ಇದು ದುರ್ಬಲ ಅಲ್ಲವೇ?

ಹಾಗೇನೂ ಇಲ್ಲ. ಮನುಷ್ಯ ಸುಳ್ಳು ಹೇಳಬಹುದು, ಸಂದರ್ಭ ಸುಳ್ಳು ಹೇಳುವುದಿಲ್ಲ ಎಂಬ ಮಾತು ನಮ್ಮ ತೀರ್ಪುಗಳಲ್ಲಿ ಬಹಳ ಸಲ ಬರುತ್ತದೆ. ಕೇಳಲು ಚೆನ್ನಾಗಿದೆ. ಆದರೆ ಸಂದರ್ಭ ತಾನಾಗಿ ಕಟಕಟೆ ಹತ್ತುವುದಿಲ್ಲ, ಅದನ್ನು ಹೊತ್ತು ತರುವವನು ಮನುಷ್ಯನೇ. ರಕ್ತದ ಕಲೆ ಸುಳ್ಳು ಹೇಳದಿರಬಹುದು. ಆ ಅಂಗಿ ಆರೋಪಿಯ ಮನೆಯ ಹಗ್ಗದ ಮೇಲೆ ಸಿಕ್ಕಿತು ಎಂದು ಬರೆದ ಕೈ ಸುಳ್ಳು ಬರೆದಿರಬಹುದು. ಅದಕ್ಕೇ ನನ್ನ ಅನುಭವದಲ್ಲಿ ಇಂಥ ಮೊಕದ್ದಮೆಗಳು ದೊಡ್ಡ ದೊಡ್ಡ ತರ್ಕದಲ್ಲಿ ಬೀಳುವುದು ಅಪರೂಪ. ಬೀಳುವುದು ಮಹಜರಿನಲ್ಲಿ (ಸಾಕ್ಷಿಗಳ ಎದುರು ಬರೆದ ಸ್ಥಳದ, ಜಪ್ತಿಯ ದಾಖಲೆ), ಮೊಹರಿನಲ್ಲಿ, ಮುದ್ದೆಮಾಲಿನ (ಜಪ್ತಿಯಾದ ವಸ್ತುವಿನ) ಚೀಟಿಯಲ್ಲಿ.

‘ಐದು ಸೂತ್ರ’ಗಳು ಎನ್ನುತ್ತಾರಲ್ಲ, ಅವು ಯಾವುವು?

1984ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಶರದ್ ಬಿರ್ಧಿಚಂದ್ ಸಾರ್ದಾ ಪ್ರಕರಣದಲ್ಲಿ ಕೊಟ್ಟ ತೀರ್ಪಿನಿಂದ ಬಂದವು. ನ್ಯಾಯಮೂರ್ತಿ ಫಜಲ್ ಅಲಿ ಅವರು ಇವನ್ನು ಸಾಂದರ್ಭಿಕ ಸಾಕ್ಷ್ಯದ ‘ಪಂಚಶೀಲ’ ಎಂದು ಕರೆದರು. ನನ್ನ ಮಾತಿನಲ್ಲಿ ಹೇಳುವುದಾದರೆ: ಯಾವ ಸಂಗತಿಗಳಿಂದ ಅಪರಾಧವನ್ನು ಊಹಿಸಬೇಕೋ ಆ ಸಂಗತಿಗಳೇ ಮೊದಲು ಪೂರ್ತಿಯಾಗಿ ಸಾಬೀತಾಗಬೇಕು. ಹಾಗೆ ಸಾಬೀತಾದವು ಆರೋಪಿ ತಪ್ಪಿತಸ್ಥ ಎಂಬ ಒಂದೇ ವಿವರಣೆಗೆ ಹೊಂದಬೇಕು. ಅವು ನಿರ್ಣಾಯಕ ಸ್ವಭಾವದವಾಗಿರಬೇಕು. ಬೇರೆ ಯಾವ ಸಾಧ್ಯತೆಗೂ ಎಡೆ ಕೊಡಬಾರದು. ಕೊನೆಗೆ, ಕೊಂಡಿಗೆ ಕೊಂಡಿ ಸೇರಿ ಸರಪಣಿ ಎಷ್ಟು ಪೂರ್ಣವಾಗಿರಬೇಕೆಂದರೆ, ಆರೋಪಿ ನಿರಪರಾಧಿ ಇದ್ದರೂ ಇರಬಹುದು ಎನ್ನಲು ವಿವೇಕಿಯೊಬ್ಬನಿಗೆ ಕಾರಣ ಉಳಿಯಬಾರದು.

ಎರಡರಿಂದ ಐದರವರೆಗಿನ ಸೂತ್ರಗಳು ಒಂದೇ ಮಾತನ್ನು ನಾಲ್ಕು ಬಗೆಯಲ್ಲಿ ಹೇಳುತ್ತವೆ ಎಂದು ನನಗೆ ಯಾವಾಗಲೂ ಅನ್ನಿಸಿದೆ. ತೂಕವಿರುವುದು ಮೊದಲನೆಯದಕ್ಕೆ. ‘ಸಾಬೀತಾಗಿರಬಹುದು’ ಎನ್ನುವುದಕ್ಕೂ ‘ಸಾಬೀತಾಗಿರಲೇಬೇಕು’ ಎನ್ನುವುದಕ್ಕೂ ನಡುವಿನ ದೂರ ದೊಡ್ಡದು ಎಂದು ಅದೇ ನ್ಯಾಯಾಲಯ 1973ರಲ್ಲಿ ಶಿವಾಜಿ ಸಾಹೇಬರಾವ್ ಬೊಬಡೆ ಪ್ರಕರಣದಲ್ಲಿ ಹೇಳಿತ್ತು. ಸಾರ್ದಾ ತೀರ್ಪಿನ ಮೊದಲ ಸೂತ್ರ ಅದರ ಮೇಲೆಯೇ ನಿಂತಿದೆ.

ಇವೆಲ್ಲಕ್ಕೂ ಮೂಲ ಇನ್ನೂ ಹಿಂದಿನದು: 1952ರ ಹನುಮಂತ ಗೋವಿಂದ ನರಗುಂದಕರ್ ಪ್ರಕರಣ. ತಮಾಷೆ ಎಂದರೆ ಅದು ಕೊಲೆ ಮೊಕದ್ದಮೆಯೇ ಅಲ್ಲ, ಟೆಂಡರ್ ವ್ಯವಹಾರದ ನಕಲಿ ದಾಖಲೆಯ ಮೊಕದ್ದಮೆ. ಅದರಲ್ಲಿ ನ್ಯಾಯಾಲಯ 1838ರ ಒಂದು ಇಂಗ್ಲಿಷ್ ಕೊಲೆ ಪ್ರಕರಣದ ಎಚ್ಚರಿಕೆಯನ್ನು ನೆನಪಿಸಿತು. ಬಿಡಿ ಬಿಡಿ ಸಂಗತಿಗಳನ್ನು ಒಂದಕ್ಕೊಂದು ಹೊಂದಿಸುವುದರಲ್ಲಿ ಮನಸ್ಸಿಗೆ ಒಂದು ಸುಖವಿದೆ, ಹೊಂದದಿದ್ದರೆ ಸ್ವಲ್ಪ ಎಳೆದಾದರೂ ಹೊಂದಿಸುತ್ತದೆ ಎಂಬುದು ಅದರ ತಿರುಳು. ಬುದ್ಧಿ ಚುರುಕಾದಷ್ಟೂ ಈ ಅಪಾಯ ಹೆಚ್ಚು. ರಾತ್ರಿ ಒಂಬತ್ತರ ಟಿವಿ ಚರ್ಚೆ ನೋಡಿದವರಿಗೆ ಬೇರೆ ಉದಾಹರಣೆ ಬೇಕಿಲ್ಲ.

ಆ ಸಾರ್ದಾ ಪ್ರಕರಣದಲ್ಲಿ ಕೊನೆಗೆ ಏನಾಯಿತು?

ಆರೋಪಿ ಬಿಡುಗಡೆಯಾದ. 1982ರಲ್ಲಿ ಪುಣೆಯಲ್ಲಿ, ಮದುವೆಯಾಗಿ ಬರೀ ನಾಲ್ಕು ತಿಂಗಳಾಗಿದ್ದ ಯುವತಿ ಮಲಗಿದ್ದಲ್ಲೇ ಸತ್ತಿದ್ದಳು. ದೇಹದಲ್ಲಿ ಪೊಟ್ಯಾಸಿಯಂ ಸಯನೈಡ್ ಸಿಕ್ಕಿತು. ಗಂಡನ ಮೇಲೆ ಆರೋಪ. ವಿಚಾರಣಾ ನ್ಯಾಯಾಲಯ ಮರಣದಂಡನೆ ಕೊಟ್ಟಿತು, ಹೈಕೋರ್ಟ್ ಖಾಯಂ ಮಾಡಿತು. ಸುಪ್ರೀಂ ಕೋರ್ಟಿನ ಮುಂದೆ ಮುಖ್ಯವಾಗಿದ್ದವು ಆಕೆ ತನ್ನ ಸಹೋದರಿಗೂ ಗೆಳತಿಗೂ ಬರೆದಿದ್ದ ಪತ್ರಗಳು. ಗಂಡನ ಮನೆಯಲ್ಲಿ ಆಕೆ ಪಡುತ್ತಿದ್ದ ಸಂಕಟ ಅವುಗಳಲ್ಲಿತ್ತು. ಆ ಸಂಕಟವನ್ನೇ ಗಂಡನ ವಿರುದ್ಧದ ಸಾಕ್ಷ್ಯ ಎಂದು ಪ್ರಾಸಿಕ್ಯೂಷನ್, ಅಂದರೆ ಮೊಕದ್ದಮೆ ನಡೆಸುವ ಸರಕಾರದ ಪಕ್ಷ, ಓದಿತು. ಅಷ್ಟು ನೊಂದವಳು ತಾನೇ ವಿಷ ಕುಡಿದಿರಬಹುದಲ್ಲ ಎಂದು ನ್ಯಾಯಾಲಯ ಅದೇ ಪತ್ರಗಳನ್ನು ಇನ್ನೊಂದು ಕಡೆಯಿಂದ ಓದಿತು. ಆ ಸಾಧ್ಯತೆಯನ್ನು ತಳ್ಳಿಹಾಕಲು ದಾಖಲೆಯಲ್ಲಿ ಏನೂ ಇರಲಿಲ್ಲ.

ವಿಷದ ಸಾವಿನಲ್ಲಿ ಪ್ರಾಸಿಕ್ಯೂಷನ್ ನಾಲ್ಕು ಸಂಗತಿ ತೋರಿಸಬೇಕು ಎಂದೂ ಆ ತೀರ್ಪು ಹೇಳಿತು: ಆರೋಪಿಗೆ ಕೊಲ್ಲುವ ಕಾರಣವಿತ್ತು, ಸಾವು ವಿಷದಿಂದಲೇ ಆಯಿತು, ವಿಷ ಆರೋಪಿಯ ಬಳಿ ಇತ್ತು, ಅದನ್ನು ಕೊಡುವ ಅವಕಾಶ ಅವನಿಗಿತ್ತು. ಹೆಚ್ಚಿನ ಮೊಕದ್ದಮೆಗಳು ಮೂರನೆಯದರಲ್ಲಿ ಮುಗ್ಗರಿಸುತ್ತವೆ. ವಿಷ ಎಲ್ಲಿಂದ ಬಂತು ಎಂದು ಪತ್ತೆ ಹಚ್ಚುವುದು ಬೆವರಿಳಿಸುವ ಕೆಲಸ.

‘ಇಬ್ಬರೂ ಜೊತೆಯಲ್ಲಿ ಹೋಗುವುದನ್ನು ನೋಡಿದೆ’ ಎಂಬ ಸಾಕ್ಷಿ ಸಾಕೇ?

ಅದೊಂದೇ ಸಾಲದು. ಸತ್ತವನನ್ನು ಕೊನೆಯ ಬಾರಿ ಜೀವಂತವಾಗಿ ಆರೋಪಿಯ ಜೊತೆ ಕಂಡದ್ದು ಬಲವಾದ ಕೊಂಡಿಯೇ, ಆದರೆ ಅದರ ಬಲ ಗಡಿಯಾರದ ಮೇಲಿದೆ. ಸಂಜೆ ಆರಕ್ಕೆ ಇಬ್ಬರೂ ತೋಟದ ಕಡೆ ಹೋದರು, ಏಳೂವರೆಗೆ ಅದೇ ತೋಟದಲ್ಲಿ ಹೆಣ ಸಿಕ್ಕಿತು ಎಂದರೆ ಮಧ್ಯೆ ಮೂರನೆಯವನು ನುಸುಳಲು ಜಾಗ ಕಡಿಮೆ. ಸೋಮವಾರ ಜಾತ್ರೆಯಲ್ಲಿ ಜೊತೆಯಾಗಿ ಕಂಡರು, ಗುರುವಾರ ಕೆರೆಯಲ್ಲಿ ಹೆಣ ತೇಲಿತು ಎಂದರೆ ನಡುವಿನ ಮೂರು ದಿನ ಇಡೀ ತಾಲ್ಲೂಕಿಗೆ ತೆರೆದಿತ್ತು.

ಶವಪರೀಕ್ಷೆಯ ವೈದ್ಯರು ಹೇಳುವ ಸಾವಿನ ಸಮಯವನ್ನು ಇಲ್ಲಿ ಬಹಳ ಎಚ್ಚರದಿಂದ ನೋಡಬೇಕು. ಅವರು ಹೇಳುವುದು ಒಂದು ಅವಧಿ. ದೇಹ ಬಿಗಿಯುವುದು, ಕೊಳೆಯುವುದು ಹವೆಯ ಮೇಲೆ, ನೀರಿನ ಮೇಲೆ, ಮೈಕಟ್ಟಿನ ಮೇಲೆ ಏರುಪೇರಾಗುತ್ತದೆ. ‘ಹನ್ನೆರಡರಿಂದ ಇಪ್ಪತ್ತನಾಲ್ಕು ಗಂಟೆ’ ಎಂಬ ಮಾತನ್ನು ಹಿಡಿದುಕೊಂಡು ‘ಸರಿಯಾಗಿ ರಾತ್ರಿ ಹತ್ತಕ್ಕೆ’ ಎಂದು ಬರೆದ ದೋಷಾರೋಪ ಪಟ್ಟಿಗಳನ್ನು ಓದಿದ್ದೇನೆ.

ಪೊಲೀಸರ ಮುಂದೆ ಆರೋಪಿಯೇ ಒಪ್ಪಿಕೊಂಡಿದ್ದಾನಂತೆ. ಇನ್ನೇನು ಬೇಕು?

ಬಹಳಷ್ಟು ಬೇಕು. ಪೊಲೀಸ್ ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆಗೆ ನ್ಯಾಯಾಲಯದಲ್ಲಿ ಬೆಲೆಯಿಲ್ಲ. ಹಳೆಯ ಸಾಕ್ಷ್ಯ ಕಾಯ್ದೆಯ 25 ಮತ್ತು 26ನೇ ಕಲಮುಗಳು ಇದನ್ನು ಹೇಳುತ್ತಿದ್ದವು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಕಲಮು ಅದನ್ನೇ ಹೇಳುತ್ತದೆ. ಠಾಣೆಯ ನಾಲ್ಕು ಗೋಡೆಗಳ ನಡುವೆ ಮನುಷ್ಯನ ಬಾಯಿಂದ ಏನನ್ನು ಬೇಕಾದರೂ ಹೊರಡಿಸಬಹುದು ಎಂಬುದು ಬ್ರಿಟಿಷರಿಗೂ ಗೊತ್ತಿತ್ತು.

ಆದರೆ ಒಂದು ಕಿಂಡಿ ಇದೆ. ಆರೋಪಿಯ ಹೇಳಿಕೆಯಿಂದ ಹೊಸ ಸಂಗತಿಯೊಂದು ಪತ್ತೆಯಾದರೆ, ಆ ಪತ್ತೆಗೆ ನೇರವಾಗಿ ಸಂಬಂಧಿಸಿದಷ್ಟು ಮಾತು ಮಾತ್ರ ಸಾಕ್ಷ್ಯವಾಗುತ್ತದೆ. ಹಿಂದೆ ಇದು 27ನೇ ಕಲಮು. ವಕೀಲರ ಬಾಯಲ್ಲಿ ಇವತ್ತಿಗೂ ‘ಇಪ್ಪತ್ತೇಳು’ ಎಂದೇ ಬರುತ್ತದೆ. 1946ರ ಡಿಸೆಂಬರಿನಲ್ಲಿ ಆಗಿನ ಅತ್ಯುನ್ನತ ಮೇಲ್ಮನವಿ ಪೀಠವಾಗಿದ್ದ ಲಂಡನ್ನಿನ ಪ್ರಿವಿ ಕೌನ್ಸಿಲ್ ಪುಲುಕುರಿ ಕೊಟ್ಟಯ್ಯ ಪ್ರಕರಣದಲ್ಲಿ ಎಳೆದ ಗೆರೆ ಈಗಲೂ ಉಳಿದಿದೆ. ಅಲ್ಲಿ ಒಬ್ಬ ಆರೋಪಿ, ಕೊಂದ ಬಗೆಯನ್ನೆಲ್ಲ ಹೇಳಿ, ಈಟಿಯನ್ನೂ ದೊಣ್ಣೆಯನ್ನೂ ಊರಿನ ಒಬ್ಬರ ಬಣವೆಯಲ್ಲಿ ಬಚ್ಚಿಟ್ಟಿದ್ದೇನೆ ಎಂದಿದ್ದ. ಬಚ್ಚಿಟ್ಟ ಮಾತಿಗೆ ಪ್ರವೇಶ ಸಿಕ್ಕಿತು, ಕೊಂದ ಮಾತು ಹೊರಗುಳಿಯಿತು. ಅಂದರೆ ‘ಚಾಕು ಇಂಥಲ್ಲಿ ಇಟ್ಟಿದ್ದೇನೆ, ತೋರಿಸುತ್ತೇನೆ’ ಎನ್ನುವಷ್ಟು ಸರಿ. ‘ಅದರಿಂದಲೇ ಚುಚ್ಚಿದೆ’ ಎಂಬುದು ಓದುವಂತಿಲ್ಲ. ಆ ಚಾಕುವೇ ಕೊಲೆಗೆ ಬಳಕೆಯಾಯಿತು ಎಂದು ಬೇರೆ ಸಾಕ್ಷ್ಯದಿಂದ ತೋರಿಸಬೇಕು.

ಕರ್ನಾಟಕದ ಕಡತಗಳಲ್ಲಿ ಇದಕ್ಕೆ ‘ಸ್ವಇಚ್ಛಾ ಹೇಳಿಕೆ’ ಎಂಬ ಹೆಸರು. ಒಂದು ಹತ್ತು ಕಡತ ತೆಗೆದು ಪಕ್ಕ ಪಕ್ಕ ಇಟ್ಟು ನೋಡಿ: ಬೇರೆ ಬೇರೆ ಊರಿನ, ಬೇರೆ ಬೇರೆ ಜಾತಿಯ, ಕೆಲವರು ಅಕ್ಷರವೇ ಬಾರದವರು. ಆದರೂ ಎಲ್ಲರೂ ‘ನೀವು ನನ್ನನ್ನು ಕರೆದುಕೊಂಡು ಹೋದಲ್ಲಿ ಸದರಿ ಸ್ಥಳವನ್ನು ಹಾಗೂ ಕೃತ್ಯಕ್ಕೆ ಬಳಸಿದ ಆಯುಧವನ್ನು ಹಾಜರುಪಡಿಸುತ್ತೇನೆ’ ಎಂಬ ಒಂದೇ ಕನ್ನಡ ಮಾತನಾಡಿರುತ್ತಾರೆ. ಕುರಿ ಕಾಯುವವನ ಬಾಯಲ್ಲಿ ‘ಸದರಿ’ ಬಂದಾಗಲೇ ನ್ಯಾಯಾಧೀಶರ ಹುಬ್ಬು ಮೇಲೇರುತ್ತದೆ.

2022ರಲ್ಲಿ ಸುಬ್ರಹ್ಮಣ್ಯ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ಅಡ್ಡದಾರಿಯನ್ನು ಬಿಡಿಸಿ ತೋರಿಸಿತು. ಪಂಚರನ್ನು, ಅಂದರೆ ಮಹಜರಿಗೆ ಸಾಕ್ಷಿಯಾಗುವವರನ್ನು, ಮೊದಲು ಠಾಣೆಗೆ ಕರೆಸಬೇಕು. ಅವರ ಎದುರಿಗೇ ಆರೋಪಿ ತನ್ನ ಮಾತಿನಲ್ಲಿ ಹೇಳಬೇಕು. ಆಡಿದ ಮಾತನ್ನು ಆಡಿದಂತೆಯೇ ಬರೆದುಕೊಳ್ಳಬೇಕು. ಆಮೇಲೆ ಎಲ್ಲರೂ ಹೊರಟು ಆರೋಪಿ ತೋರಿಸಿದ ಜಾಗಕ್ಕೆ ಹೋಗಬೇಕು. ವಸ್ತು ಸಿಕ್ಕರೆ ಸಾಲದು, ಅದನ್ನು ಅಲ್ಲಿಟ್ಟವನು ತಾನೇ ಎಂಬುದು ಆ ಮಾತಿನಿಂದ ಹೊರಡಬೇಕು. ಹಾಗೆ ನಡೆಯದ ಆ ಮೊಕದ್ದಮೆಯಲ್ಲಿ ಹೈಕೋರ್ಟ್ ಕೊಟ್ಟಿದ್ದ ಶಿಕ್ಷೆ ರದ್ದಾಯಿತು.

ನಾನು ಕಂಡ ಒಂದು ಪಾಟೀ ಸವಾಲು (ಸಾಕ್ಷಿಯನ್ನು ಎದುರು ಕಡೆಯ ವಕೀಲರು ಪ್ರಶ್ನಿಸುವುದು) ಹೇಳುತ್ತೇನೆ. ಪಂಚ ಸಾಕ್ಷಿ ಚಹಾ ಅಂಗಡಿಯವನು. ಮುಖ್ಯ ವಿಚಾರಣೆಯಲ್ಲಿ ಮಚ್ಚು ಸಿಕ್ಕ ಕಥೆಯನ್ನು ಚೆನ್ನಾಗಿಯೇ ಹೇಳಿದ. ಪಾಟೀ ಸವಾಲಿನಲ್ಲಿ ವಕೀಲರು ಕೇಳಿದ್ದು ಎರಡೇ: ‘ಮಚ್ಚು ತೆಗೆದ ಪೊದೆಗೂ ರಸ್ತೆಗೂ ಎಷ್ಟು ದೂರ?’ ‘ಗೊತ್ತಿಲ್ಲ ಸ್ವಾಮಿ, ನಾನು ಜೀಪಿನಿಂದ ಇಳಿಯಲಿಲ್ಲ.’ ‘ಸಹಿ ಎಲ್ಲಿ ಹಾಕಿದಿರಿ?’ ‘ನನ್ನ ಅಂಗಡಿಯಲ್ಲೇ, ಹಾಲು ಕಾಯಿಸುತ್ತಿದ್ದೆ.’ ಮಚ್ಚಿನ ಮೇಲಿದ್ದ ರಕ್ತ ಸತ್ತವನದೇ ಎಂದು ಪ್ರಯೋಗಾಲಯದ ವರದಿಯಿತ್ತು. ಆದರೆ ಆ ಮಚ್ಚನ್ನು ಆರೋಪಿಗೆ ಕಟ್ಟುವ ದಾರ ಹಾಲಿನ ಪಾತ್ರೆಯ ಪಕ್ಕದಲ್ಲಿ ಹರಿದಿತ್ತು.

ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಜಾಗಕ್ಕೆ ಬಂದ ಹೊಸ ನಾಗರಿಕ ಸುರಕ್ಷಾ ಸಂಹಿತೆಯ 105ನೇ ಕಲಮು ಶೋಧ ಮತ್ತು ಜಪ್ತಿಯನ್ನು ವಿಡಿಯೊ ಮಾಡಲೇಬೇಕು ಎನ್ನುತ್ತದೆ. ನಿಷ್ಠೆಯಿಂದ ಪಾಲಿಸಿದರೆ ಚಹಾ ಅಂಗಡಿಯ ಸಹಿಗಳು ಕಡಿಮೆಯಾದಾವು.

ಹೆಣವೇ ಸಿಗದಿದ್ದರೆ ಕೊಲೆ ಸಾಬೀತಾಗುತ್ತದೆಯೇ?

ಆಗಬಹುದು. ಹೆಣ ಸಿಗಲೇಬೇಕೆಂಬ ಹಳೆಯ ನಂಬಿಕೆಯನ್ನು 1981ರ ರಾಮಾನಂದ್ ಪ್ರಕರಣದಲ್ಲೇ ಸುಪ್ರೀಂ ಕೋರ್ಟ್ ಪಕ್ಕಕ್ಕಿಟ್ಟಿತು. ಹೆಣವನ್ನು ಸುಟ್ಟವನಿಗೋ ಸಮುದ್ರಕ್ಕೆ ಎಸೆದವನಿಗೋ ಅದರಿಂದ ಲಾಭವಾಗಬಾರದು. ಆದರೆ ಆ ವ್ಯಕ್ತಿ ಸತ್ತಿದ್ದಾನೆ, ಸತ್ತದ್ದು ಸಹಜವಾಗಿ ಅಲ್ಲ ಎಂಬೆರಡನ್ನೂ ಬೇರೆ ದಾರಿಯಿಂದ ಗಟ್ಟಿಯಾಗಿ ತೋರಿಸಬೇಕಾಗುತ್ತದೆ. ಕಾಣೆಯಾಗುವುದು ಬೇರೆ, ಸಾಯುವುದು ಬೇರೆ.

ಹೆಣ ಮೂರು ವರ್ಷ ಸಿಗದೆ ಆಮೇಲೆ ಸಿಕ್ಕ ನಮ್ಮದೇ ಒಂದು ಪ್ರಕರಣವಿದೆ. ಬೆಂಗಳೂರಿನ ರಿಚ್ಮಂಡ್ ರಸ್ತೆಯ ಬಂಗಲೆಯೊಂದರಿಂದ, ಮೈಸೂರಿನ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲ್ ಅವರ ಮೊಮ್ಮಗಳು 1991ರ ಮೇ ತಿಂಗಳ ಕೊನೆಯಲ್ಲಿ ಕಾಣೆಯಾದರು. ಆಕೆಯ ಎರಡನೆಯ ಗಂಡ, ಸ್ವಾಮಿ ಶ್ರದ್ಧಾನಂದ ಎಂದು ಕರೆಸಿಕೊಳ್ಳುತ್ತಿದ್ದವನು, ಅದೇ ಮನೆಯಲ್ಲಿ ಆರಾಮವಾಗಿ ಇದ್ದ. ಅಮ್ಮ ಎಲ್ಲಿ ಎಂದು ಮಗಳು ಕೇಳಿದಾಗಲೆಲ್ಲ ಒಂದೊಂದು ಕಥೆ ಹೇಳುತ್ತಿದ್ದ. ವಿದೇಶದ ಆಸ್ಪತ್ರೆಯೊಂದರಲ್ಲಿದ್ದಾಳೆ ಎಂಬ ಕಥೆಯನ್ನು ಮಗಳು ವಿಚಾರಿಸಿದಾಗ ಅದು ಸುಳ್ಳೆಂದು ಹೊರಬಿತ್ತು. 1992ರಲ್ಲಿ ದೂರು ದಾಖಲಾಯಿತು. 1994ರ ಮಾರ್ಚಿನಲ್ಲಿ ಆತನ ಹೇಳಿಕೆಯ ಮೇಲೆ ಮನೆಯ ಹಿತ್ತಲನ್ನು ಅಗೆದಾಗ ಮರದ ಪೆಟ್ಟಿಗೆ ಸಿಕ್ಕಿತು, ಪೆಟ್ಟಿಗೆಯೊಳಗೆ ಅಸ್ಥಿಪಂಜರ. ಅಗೆತವನ್ನು ವಿಡಿಯೊ ಮಾಡಲಾಗಿತ್ತು.

ಕೊಂದದ್ದನ್ನು ನೋಡಿದವರು ಒಬ್ಬರೂ ಇಲ್ಲ. ಆದರೆ ಕೊಂಡಿಗಳನ್ನು ನೋಡಿ. ಸಾವಿಗೆ ಮೊದಲೇ ಪೆಟ್ಟಿಗೆ ಮಾಡಿಸಿದ್ದ. ಗುಂಡಿ ಮೊದಲೇ ತೋಡಿಸಿದ್ದ. ಆಕೆಯನ್ನು ಕೊನೆಯದಾಗಿ ಕಂಡದ್ದು ಆತನ ಜೊತೆಯಲ್ಲಿ. ಆಮೇಲೆ ಆಕೆ ಬದುಕಿದ್ದಾಳೆ ಎಂಬಂತೆ ಆಕೆ ಕೊಟ್ಟಿದ್ದ ಅಧಿಕಾರಪತ್ರ ಬಳಸಿ ಆಸ್ತಿ ಮಾರಿದ. ಹೆಣ ಇದ್ದ ಜಾಗ ಗೊತ್ತಿದ್ದದ್ದು ಆತನಿಗೆ. ಎಲುಬುಗಳು ಆಕೆಯವೇ ಎನ್ನಲು ಡಿಎನ್‌ಎ ಪರೀಕ್ಷೆ, ತಲೆಬುರುಡೆಯ ಮೇಲೆ ಭಾವಚಿತ್ರ ಹೊಂದಿಸಿ ನೋಡುವ ಪರೀಕ್ಷೆ, ತಾಯಿ ಗುರುತಿಸಿದ ಒಡವೆಗಳು. ಇವುಗಳಲ್ಲಿ ಯಾವುದೋ ಒಂದನ್ನು ಹಿಡಿದು ಬೇರೆ ಕಥೆ ಕಟ್ಟಬಹುದು. ಎಲ್ಲವನ್ನೂ ಒಟ್ಟಿಗೆ ವಿವರಿಸುವ ಬೇರೆ ಕಥೆ ಕಟ್ಟಲು ಬರುವುದಿಲ್ಲ. ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಪೆಟ್ಟಿಗೆ ಮಾಡಿಸಿದ ಸಮಯ. ಹೆಂಡತಿ ಹೇಗೋ ಸತ್ತಳು, ಹೆದರಿ ಹೂತೆ ಎಂದು ಯಾರಾದರೂ ವಾದಿಸಿದರೂ, ಸಾಯುವ ಮುಂಚೆ ಬಂದ ಪೆಟ್ಟಿಗೆ ಆ ವಾದವನ್ನು ಒಳಗೆ ಬಿಡುವುದಿಲ್ಲ.

ಸಾಂದರ್ಭಿಕ ಸಾಕ್ಷ್ಯದ ಮೇಲೆ ಗಲ್ಲು ಶಿಕ್ಷೆ ಕೊಡಬಹುದೇ?

ಕಾನೂನಿನ ಅಡ್ಡಿಯಿಲ್ಲ. ಮೇಲೆ ಹೇಳಿದ ಪ್ರಕರಣದಲ್ಲೇ 2005ರಲ್ಲಿ ಸೆಷನ್ಸ್ ನ್ಯಾಯಾಲಯ ಮರಣದಂಡನೆ ಕೊಟ್ಟಿತು, ಕರ್ನಾಟಕ ಹೈಕೋರ್ಟ್ ಅದನ್ನು ಖಾಯಂ ಮಾಡಿತು. 2007ರಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಅಪರಾಧದ ಬಗ್ಗೆ ಒಮ್ಮತಕ್ಕೆ ಬಂದರೂ ಶಿಕ್ಷೆಯ ಬಗ್ಗೆ ಒಡೆದರು. 2008ರ ಜುಲೈನಲ್ಲಿ ಮೂವರ ಪೀಠ, ಗಲ್ಲಿನ ಬದಲು ಬದುಕಿರುವವರೆಗೂ ಬಿಡುಗಡೆಯಿಲ್ಲದ ಜೀವಾವಧಿ ಶಿಕ್ಷೆ ವಿಧಿಸಿತು. ಹದಿನಾಲ್ಕು ವರ್ಷಕ್ಕೆ ಹೊರಬರುವ ಜೀವಾವಧಿಗೂ ಗಲ್ಲಿಗೂ ನಡುವೆ ಮೂರನೆಯ ಶಿಕ್ಷೆಯೊಂದು ಹೀಗೆ ಬೆಂಗಳೂರಿನ ಮೊಕದ್ದಮೆಯಿಂದ ಹುಟ್ಟಿತು. 2015ರಲ್ಲಿ ಸಂವಿಧಾನ ಪೀಠ ಅದಕ್ಕೆ ಒಪ್ಪಿಗೆಯ ಮುದ್ರೆ ಒತ್ತಿತು. ಸಾಕ್ಷ್ಯ ಸಾಂದರ್ಭಿಕ ಎಂಬ ಕಾರಣಕ್ಕೆ ಗಲ್ಲಿನ ವಿಷಯದಲ್ಲಿ ನ್ಯಾಯಾಲಯಗಳು ಹೆಚ್ಚು ಹಿಂಜರಿಯುವುದುಂಟು. ಆ ಹಿಂಜರಿಕೆ ಸರಿಯೇ ಎಂದು ನನ್ನ ಅಭಿಪ್ರಾಯ.

ಮನೆಯೊಳಗೆ ಹೆಂಡತಿ ಸತ್ತರೆ ಗಂಡನೇ ಉತ್ತರ ಕೊಡಬೇಕೆಂದು ಕಾನೂನಿದೆಯಂತೆ?

ಅರ್ಧ ಸತ್ಯ. ಯಾರಿಗೆ ವಿಶೇಷವಾಗಿ ಗೊತ್ತಿರುವ ಸಂಗತಿಯೋ ಅದನ್ನು ರುಜುವಾತು ಮಾಡುವ ಹೊಣೆ ಅವರದು ಎಂದು ಹಳೆಯ ಸಾಕ್ಷ್ಯ ಕಾಯ್ದೆಯ 106ನೇ ಕಲಮು, ಈಗಿನ ಸಾಕ್ಷ್ಯ ಅಧಿನಿಯಮದ 109ನೇ ಕಲಮು ಹೇಳುತ್ತದೆ. ರಾತ್ರಿ ಬಾಗಿಲು ಹಾಕಿಕೊಂಡ ಮನೆಯಲ್ಲಿ ಇಬ್ಬರೇ ಇದ್ದು ಬೆಳಿಗ್ಗೆ ಒಬ್ಬಳು ಸತ್ತಿದ್ದರೆ, ಉಳಿದವನು ಏನಾಯಿತೆಂದು ಹೇಳಬೇಕು ಎನ್ನುವುದರಲ್ಲಿ ಅನ್ಯಾಯವಿಲ್ಲ. ಮಹಾರಾಷ್ಟ್ರದ ತ್ರಿಮುಖ ಮಾರೋತಿ ಕಿರ್ಕನ್ ಪ್ರಕರಣದಲ್ಲಿ, 2006ರ ತೀರ್ಪು, ಹಾವು ಕಚ್ಚಿ ಸತ್ತಳು ಎಂದು ತವರಿಗೆ ಸುದ್ದಿ ಕಳಿಸಿದ್ದರು. ಶವಪರೀಕ್ಷೆಯಲ್ಲಿ ಕಂಡದ್ದು ಕತ್ತು ಒತ್ತಿದ ಗುರುತು. ಹಾವು ಕತ್ತು ಹಿಸುಕುವುದಿಲ್ಲವಲ್ಲ.

ಆದರೆ ಈ ಕಲಮು ಪ್ರಾಸಿಕ್ಯೂಷನ್ನಿನ ತೂತು ಮುಚ್ಚುವ ತೇಪೆಯಲ್ಲ. ಆ ರಾತ್ರಿ ಗಂಡ ಮನೆಯಲ್ಲಿದ್ದ, ಬೇರೆ ಯಾರೂ ಇರಲಿಲ್ಲ, ಸಾವು ಸಹಜವಲ್ಲ ಎಂಬಷ್ಟನ್ನು ಮೊದಲು ಪ್ರಾಸಿಕ್ಯೂಷನ್ನಿನವರೇ ಸಾಬೀತು ಮಾಡಬೇಕು. 1956ರಲ್ಲಿ ಶಂಭುನಾಥ್ ಮೆಹ್ರಾ ಪ್ರಕರಣದಲ್ಲಿ, ಅದೂ ಒಂದು ಪ್ರಯಾಣ ಭತ್ಯೆಯ ಮೊಕದ್ದಮೆ, ಸುಪ್ರೀಂ ಕೋರ್ಟ್ ಕೇಳಿದ ಪ್ರಶ್ನೆ ಸೊಗಸಾಗಿದೆ: ಕೊಲೆ ಮಾಡಿದೆನೋ ಇಲ್ಲವೋ ಎಂಬುದು ಆರೋಪಿಗಿಂತ ಚೆನ್ನಾಗಿ ಬೇರೆ ಯಾರಿಗೆ ಗೊತ್ತು? ಹಾಗೆಂದು ಮಾಡಿಲ್ಲ ಎಂದು ಅವನೇ ಸಾಬೀತು ಮಾಡಲಿ ಎಂದರೆ ಕಾನೂನೇ ತಲೆಕೆಳಗಾಗುತ್ತದೆ.

ಕೊಲ್ಲಲು ಕಾರಣವೇ ಗೊತ್ತಾಗದಿದ್ದರೆ?

ಕಣ್ಸಾಕ್ಷಿ ಇದ್ದಲ್ಲಿ ಕಾರಣ ಗೊತ್ತಾಗದಿದ್ದರೂ ನಡೆಯುತ್ತದೆ. ಸಾಂದರ್ಭಿಕ ಸಾಕ್ಷ್ಯದ ಮೊಕದ್ದಮೆಯಲ್ಲಿ ಕಾರಣವೂ ಒಂದು ಕೊಂಡಿ. ಅದಿಲ್ಲದಿದ್ದರೆ ಆರೋಪಿಯ ಕಡೆ ತಕ್ಕಡಿ ಸ್ವಲ್ಪ ವಾಲುತ್ತದೆ. ಉಳಿದ ಕೊಂಡಿಗಳು ಗಟ್ಟಿಯಾಗಿದ್ದರೆ ಅಷ್ಟಕ್ಕೇ ಮೊಕದ್ದಮೆ ಬೀಳುವುದಿಲ್ಲ. ಇನ್ನೊಂದು ಕಡೆಯಿಂದ ನೋಡಿದರೆ, ಜಮೀನಿನ ಬದುವಿನ ಜಗಳ ಊರಿನ ಅರ್ಧ ಮನೆಗಳಲ್ಲಿ ಇರುತ್ತದೆ. ಜಗಳವಿದ್ದವರೆಲ್ಲ ಕೊಂದಿರುವುದಿಲ್ಲ.

ಮೊಬೈಲ್ ಟವರ್, ಸಿಸಿಟಿವಿ ಇದ್ದರೆ ಮುಗಿಯಿತಲ್ಲವೇ?

ಟವರ್ ಹೇಳುವುದು ಸಿಮ್ ಒಂದು ಪ್ರದೇಶದಲ್ಲಿತ್ತು ಎಂದು. ಪೇಟೆಯಲ್ಲಿ ಕೆಲವು ಬೀದಿಗಳು, ಮಲೆನಾಡಿನಲ್ಲಿ ಹಲವು ಊರುಗಳು. ಆ ಸಿಮ್ ಯಾರ ಕೈಯಲ್ಲಿತ್ತು ಎಂಬುದು ಬೇರೆ ಪ್ರಶ್ನೆ. ಅದಕ್ಕೂ ಮೊದಲು ಕರೆ ವಿವರವಾಗಲಿ ದೃಶ್ಯದ ಪ್ರತಿಯಾಗಲಿ ಕಾನೂನು ಕೇಳುವ ಪ್ರಮಾಣಪತ್ರದೊಂದಿಗೆ ಬರಬೇಕು. ಹಳೆಯ ಸಾಕ್ಷ್ಯ ಕಾಯ್ದೆಯ 65ಬಿ, ಈಗಿನ ಸಾಕ್ಷ್ಯ ಅಧಿನಿಯಮದ 63ನೇ ಕಲಮು. 2014ರ ಅನ್ವರ್ ಪ್ರಕರಣದಲ್ಲಿ ಹೇಳಿ 2020ರ ಖೋಟ್ಕರ್ ಪ್ರಕರಣದಲ್ಲಿ ಮತ್ತೆ ಖಚಿತಪಡಿಸಿದ ಮೇಲೂ ಆ ಒಂದು ಹಾಳೆ ಇಲ್ಲದೆ ಬರುವ ಪೆನ್‌ಡ್ರೈವ್‌ಗಳನ್ನು ನೋಡಿದರೆ ಬೇಸರವಾಗುತ್ತದೆ.

ತನಿಖೆಗೆ ದಾರಿ ತೋರಿಸುವುದರಲ್ಲಿ ಮಾತ್ರ ಫೋನಿಗೆ ಸಾಟಿಯಿಲ್ಲ. ದಕ್ಷಿಣ ಕನ್ನಡದ ಸಯನೈಡ್ ಸರಣಿಯಲ್ಲಿ ಯುವತಿಯರು ದೂರದೂರದ ಬಸ್ ನಿಲ್ದಾಣಗಳ ಶೌಚಾಲಯಗಳಲ್ಲಿ ಸತ್ತು ಬಿದ್ದಿದ್ದರು. ಒಂದೊಂದೂ ಒಂದೊಂದು ಠಾಣೆಯಲ್ಲಿ ಅಸಹಜ ಸಾವು ಎಂದು ದಾಖಲಾಗಿ ತಣ್ಣಗಾಗಿತ್ತು. 2009ರಲ್ಲಿ ಬಂಟ್ವಾಳ ತಾಲ್ಲೂಕಿನ ಯುವತಿಯೊಬ್ಬಳು ಕಾಣೆಯಾದ ಮೇಲೆ ಕರೆಗಳ ಎಳೆ ಹಿಡಿದು ಹೊರಟಾಗ ಒಬ್ಬನೇ ಮನುಷ್ಯನ ನೆರಳು ಎಲ್ಲ ಕಡೆ ಕಂಡಿತು. ಆದರೂ ವಿಚಾರಣೆ ಬೇರೆ ಬೇರೆಯಾಗಿಯೇ ನಡೆಯಬೇಕಾಯಿತು. ಒಂದು ಸಾವಿನ ಸಾಕ್ಷ್ಯದಿಂದ ಇನ್ನೊಂದು ಸಾವಿನ ಕೊರತೆ ತುಂಬಿಸಲು ಬರುವುದಿಲ್ಲ.

ಮಂಪರು ಪರೀಕ್ಷೆ ಮಾಡಿಸಿದರೆ ಸತ್ಯ ಹೊರಬರುವುದಿಲ್ಲವೇ?

ಆರೋಪಿಯ ಒಪ್ಪಿಗೆಯಿಲ್ಲದೆ ಮಾಡುವಂತಿಲ್ಲ. 2010ರ ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ತೀರ್ಪು ಆ ಬಾಗಿಲು ಮುಚ್ಚಿದೆ. ಒಪ್ಪಿ ಮಾಡಿಸಿಕೊಂಡರೂ ಮಂಪರಿನಲ್ಲಿ ಆಡಿದ ಮಾತು ಸಾಕ್ಷ್ಯವಲ್ಲ. ಅದರ ನೆರವಿನಿಂದ ಆಮೇಲೆ ವಸ್ತುವೋ ಸಂಗತಿಯೋ ಸಿಕ್ಕರೆ ಅದನ್ನಷ್ಟೇ ಮುಂದಿಡಬಹುದು.

ಆರೋಪಿ ಬಾಯಿ ಬಿಡದಿದ್ದರೆ? ಸುಳ್ಳು ಹೇಳಿದರೆ?

ಮೌನ ಅವನ ಹಕ್ಕು. ಸಾಕ್ಷಿಗಳೆಲ್ಲ ಮುಗಿದ ಮೇಲೆ ನ್ಯಾಯಾಧೀಶರು ಅವನ ವಿರುದ್ಧ ಬಂದಿರುವ ಒಂದೊಂದು ಸಂಗತಿಯನ್ನೂ ಅವನ ಮುಂದಿಟ್ಟು ಏನು ಹೇಳುತ್ತೀಯ ಎಂದು ಕೇಳುತ್ತಾರೆ. ಹಿಂದೆ ಇದು ದಂಡ ಪ್ರಕ್ರಿಯಾ ಸಂಹಿತೆಯ 313ನೇ ಕಲಮು, ಈಗ ನಾಗರಿಕ ಸುರಕ್ಷಾ ಸಂಹಿತೆಯ 351. ಪ್ರಮಾಣವಚನವಿಲ್ಲ. ಹೆಚ್ಚಿನವರು ಪ್ರತಿ ಪ್ರಶ್ನೆಗೂ ‘ಸುಳ್ಳು’ ಎಂಬ ಒಂದೇ ಪದ ಹೇಳಿ ಬರುತ್ತಾರೆ. ಅವರಿಗೆ ಹಾಗೆ ಹೇಳಿಕೊಟ್ಟವರಲ್ಲಿ ನಾನೂ ಒಬ್ಬ. ವಿವರಣೆ ಕೊಡಬಹುದಾದ ಕಡೆ ಕೊಡದೆ ಬಿಟ್ಟದ್ದು ಎಷ್ಟೋ ಸಲ ತಪ್ಪು ಸಲಹೆಯಾಗಿತ್ತು ಎಂದು ಈಗ ಅನ್ನಿಸುತ್ತದೆ.

ಸುಳ್ಳು ವಿವರಣೆ ಕೊಟ್ಟರೆ ಅದು ಸರಪಣಿಗೆ ಬಲ ಕೊಡಬಹುದು, ಆದರೆ ಸರಪಣಿ ಮೊದಲೇ ಪೂರ್ಣವಾಗಿರಬೇಕು. ಕಳಚಿದ ಕೊಂಡಿಯ ಜಾಗದಲ್ಲಿ ಆರೋಪಿಯ ಸುಳ್ಳನ್ನು ತಂದು ಸಿಕ್ಕಿಸುವಂತಿಲ್ಲ. ಇದೂ ಸಾರ್ದಾ ತೀರ್ಪಿನದೇ ಮಾತು. ನಿರಪರಾಧಿಗಳೂ ಹೆದರಿ ಸುಳ್ಳು ಹೇಳುತ್ತಾರೆ, ಊರು ಬಿಟ್ಟು ಓಡುತ್ತಾರೆ.

ಸಂಶಯದ ಲಾಭ ಕೊಟ್ಟು ಬಿಟ್ಟರೆ ಅವನು ಮಾಡಿಲ್ಲ ಎಂದು ಅರ್ಥವೇ?

ಅವನು ಮಾಡಿದ್ದಾನೆ ಎಂದು ಹೇಳಲು ನ್ಯಾಯಾಲಯದ ಮುಂದೆ ಬಂದ ಸಾಮಗ್ರಿ ಸಾಲದು ಎಂದು ಅರ್ಥ. ಕಾನೂನಿನ ಕಣ್ಣಿಗೆ ಅವನು ನಿರಪರಾಧಿ, ಊರಿನ ಕಣ್ಣಿಗೆ ಏನೇ ಆಗಿರಲಿ. ಆರುಷಿ ಎಂಬ ಹುಡುಗಿಯೂ ಮನೆಗೆಲಸದವನೂ ಸತ್ತ ನೋಯ್ಡಾದ ಜೋಡಿ ಕೊಲೆಯನ್ನು ನೆನಪಿಸಿಕೊಳ್ಳಿ: 2013ರಲ್ಲಿ ವಿಚಾರಣಾ ನ್ಯಾಯಾಲಯ ಹುಡುಗಿಯ ತಂದೆತಾಯಿಗೆ ಜೀವಾವಧಿ ಕೊಟ್ಟಿತು, 2017ರಲ್ಲಿ ಅಲಹಾಬಾದ್ ಹೈಕೋರ್ಟ್ ಬಿಡುಗಡೆ ಮಾಡಿತು. ಮುಂದಿದ್ದ ಸಾಕ್ಷ್ಯ ಒಂದೇ. ಒಬ್ಬರಿಗೆ ಸರಪಣಿಯಾಗಿ ಕಂಡದ್ದು ಇನ್ನೊಬ್ಬರಿಗೆ ಬಿಡಿ ಕೊಂಡಿಗಳ ರಾಶಿಯಾಗಿ ಕಂಡಿತು.

ನಾನು ಒಂದು ಮಹಜರಿಗೆ ಸಹಿ ಹಾಕಿದ್ದೆ. ಈಗ ಸಮನ್ಸ್ ಬಂದಿದೆ. ಏನು ಮಾಡಲಿ?

ಹೋಗಿ. ಹೋಗದಿದ್ದರೆ ವಾರಂಟ್ ಬರುತ್ತದೆ. ಬೆಳಿಗ್ಗೆಯೇ ಸರಕಾರಿ ಅಭಿಯೋಜಕರನ್ನು ಕಂಡು ನಿಮ್ಮ ಸಹಿ ಇರುವ ಮಹಜರನ್ನು ಓದಲು ಕೇಳಿ. ವರ್ಷಗಳು ಕಳೆದಿರುತ್ತವೆ, ನೆನಪು ತಾಜಾ ಮಾಡಿಕೊಳ್ಳುವುದು ತಪ್ಪಲ್ಲ. ಓದಿದ ಮೇಲೆ ನೆನಪಾಗದ್ದನ್ನು ನೆನಪಾಯಿತು ಎನ್ನಬೇಡಿ. ನೀವು ಜೀಪಿನಲ್ಲೇ ಕುಳಿತಿದ್ದರೆ ಜೀಪಿನಲ್ಲೇ ಕುಳಿತಿದ್ದೆ ಎನ್ನಿ. ಪೊದೆಯ ತನಕ ಹೋಗಿ ಕಣ್ಣಾರೆ ಕಂಡಿದ್ದರೆ, ಆರೋಪಿಯ ಕಡೆಯವರು ಹಿಂದಿನ ದಿನ ಮನೆಗೆ ಬಂದು ಕಾಫಿ ಕುಡಿದು ಹೋಗಿದ್ದರೂ, ಕಂಡೆ ಎನ್ನಿ. ಬೆದರಿಕೆ ಬಂದಿದ್ದರೆ 2018ರ ಸಾಕ್ಷಿ ಸಂರಕ್ಷಣಾ ಯೋಜನೆಯಡಿ ರಕ್ಷಣೆ ಕೇಳಲು ಅವಕಾಶವಿದೆ, ಅಭಿಯೋಜಕರಿಗೆ ಹೇಳಿದರೆ ಅರ್ಜಿ ಹಾಕಿಸುತ್ತಾರೆ. ಹೊರಡುವಾಗ ಕನ್ನಡಕ ಮರೆಯಬೇಡಿ. ಕಟಕಟೆಯಲ್ಲಿ ಮೊದಲು ತೋರಿಸುವುದು ನಿಮ್ಮ ಸಹಿಯನ್ನೇ.